ಸೋತ ದಂಡನಾಯಕನನ್ನು ಅಳೆಯುವ ಬಗೆ

ಕೆಟ್ಟ ದಂಡನಾಯಕ ಯಾರು ಎಂದು ಕೇಳಿದರೆ, ಸೋತವನೇ ಎಂಬ ಉತ್ತರ ತಟ್ಟನೆ ನಾಲಿಗೆಗೆ ಬರುತ್ತದೆ. ಈ ಉತ್ತರ ಸಾಲದು. ಎರಡು ದಂಡುಗಳು ಎದುರಾದಾಗ ಒಂದು ಸೋಲಲೇಬೇಕು. ಸೋತವರೆಲ್ಲ ಅಯೋಗ್ಯರಾಗಿರುವುದಿಲ್ಲ, ಗೆದ್ದವರೆಲ್ಲ ಸಮರ್ಥರೂ ಆಗಿರುವುದಿಲ್ಲ. ಬರ, ರೋಗ, ಮೇವಿನ ಕೊರತೆ, ದರಬಾರಿನ ಒಳಜಗಳಗಳು ನಾಯಕನ ಕೈಮೀರಿದವು. ಕೈಯಲ್ಲಿದ್ದ ದಂಡು, ಗೊತ್ತಿದ್ದ ಸಂಗತಿ, ಸಿಕ್ಕಿದ ಸಮಯ, ಈ ಮೂರರಲ್ಲಿ ಅವನು ತಾನಾಗಿ ಆರಿಸಿಕೊಂಡದ್ದು ಏನು ಎಂಬುದರ ಮೇಲೆ ಅವನ ತೂಕ ನಿಲ್ಲುತ್ತದೆ.

ಇದನ್ನು ನಾಲ್ಕು ಪ್ರಶ್ನೆಗಳಾಗಿ ಬಿಡಿಸಬಹುದು. ಕಾದುವ ನೆಲವನ್ನೂ ನೀರನ್ನೂ ನಾಯಕ ಅರಿತಿದ್ದನೆ? ಎದುರಾಳಿಯ ಬಲವನ್ನು ಸರಿಯಾಗಿ ಅಳೆದಿದ್ದನೆ? ಸೋತರೆ ದಂಡು ಉಳಿದುಕೊಳ್ಳುವ ದಾರಿಯೊಂದನ್ನು ಮೊದಲೇ ಇಟ್ಟುಕೊಂಡಿದ್ದನೆ? ಸೋಲಿನಿಂದ ಏನಾದರೂ ಕಲಿತನೆ? ಈ ನಾಲ್ಕರಲ್ಲಿ ಮೂರನೆಯದೇ ಹೆಚ್ಚು ಭಾರವಾದದ್ದು. ಮೊದಲೆರಡರಲ್ಲಿ ತಪ್ಪಿದವನು ಒಂದು ಕಾಳಗ ಕಳೆದುಕೊಳ್ಳುತ್ತಾನೆ. ಮೂರನೆಯದರಲ್ಲಿ ತಪ್ಪಿದವನು ತನ್ನನ್ನು ನಂಬಿದವರನ್ನೆಲ್ಲ ಕಳೆದುಕೊಳ್ಳುತ್ತಾನೆ.

ಈ ಅಳತೆಯನ್ನು ಹಚ್ಚಿ ನೋಡಲು ವಿಜಯಪುರದ, ಅಂದರೆ ಹಿಂದಿನ ಬಿಜಾಪುರದ, ಸೀಮೆಗಿಂತ ತಕ್ಕ ನೆಲ ಕಡಿಮೆ. ಸುಮಾರು ಎರಡು ಶತಮಾನ ಆದಿಲಶಾಹಿ ರಾಜಧಾನಿಯಾಗಿದ್ದ ಈ ಊರಿನಿಂದ ಹೊರಟ ದಂಡುಗಳು ಕೃಷ್ಣೆಯ ದಂಡೆಯಲ್ಲೂ ಸಹ್ಯಾದ್ರಿಯ ಕಾಡಿನಲ್ಲೂ ಕಾದಿದವು. ಊರನ್ನೇ ಗುರಿಯಾಗಿಸಿಕೊಂಡು ಬಂದ ದಂಡುಗಳೂ ಹಲವು.

ಆಧಾರಗಳ ತೊಡಕು

ಸೋತವನ ಕಥೆಯನ್ನು ಬಹುಮಟ್ಟಿಗೆ ಬರೆದವರು ಗೆದ್ದವರ ಕಡೆಯವರು, ಇಲ್ಲವೆ ಸೋತ ಮನೆತನದ ಮುಂದಿನ ತಲೆಮಾರಿನ ಆಶ್ರಿತರು. ರಾಯಚೂರು ಮತ್ತು ತಾಳಿಕೋಟೆ ಕದನಗಳಿಗೆ ಮುಖ್ಯ ಆಧಾರನಾದ ಫಿರಿಸ್ತಾ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ, ಆ ಘಟನೆಗಳಾಗಿ ದಶಕಗಳ ನಂತರ ಬರೆದವನು. ರಾಯಚೂರಿನ ಕದನದ ಇನ್ನೊಂದು ವಿವರಣೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ನೂನಿಜನದು. ಇಬ್ಬರ ಮಾತು ಎಲ್ಲೆಡೆ ಕೂಡುವುದಿಲ್ಲ. ದಂಡಿನ ಸಂಖ್ಯೆಯನ್ನಂತೂ ಹಲವು ಕಡೆ ಲಕ್ಷಗಳಲ್ಲಿ ಎಣಿಸಿದ್ದಾರೆ. ಅಷ್ಟು ಜನ, ಕುದುರೆ, ಎತ್ತುಗಳಿಗೆ ನೀರು ಮೇವು ಒದಗುತ್ತಿತ್ತೆ ಎಂದು ಕೇಳಿಕೊಂಡರೆ ಆ ಅಂಕಿಗಳನ್ನು ಹಾಗೆಯೇ ನಂಬುವುದು ಕಷ್ಟ. ಆದ್ದರಿಂದ ಬೇರೆ ಬೇರೆ ಕಡೆಯವರು ಒಪ್ಪುವ ಸಂಗತಿಗಳನ್ನು ಹಿಡಿದೇ ತೀರ್ಪು ಕೊಡಬೇಕಾಗುತ್ತದೆ.

ರಾಯಚೂರು, 1520: ಬೆನ್ನ ಹಿಂದೆ ಹೊಳೆ

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಅದನ್ನು ಬಿಡಿಸಲು ಇಸ್ಮಾಯಿಲ್ ಆದಿಲಶಾಹ ಕೃಷ್ಣೆಯನ್ನು ದಾಟಿದ. ಮದ್ಯದ ಅಮಲಿನಲ್ಲಿ, ತೆಪ್ಪಗಳು ಸಾಲದಿದ್ದರೂ ಆತುರದಿಂದ ನದಿಗೆ ಇಳಿದ ಎಂದು ಫಿರಿಸ್ತಾ ಹೇಳುತ್ತಾನೆ. ನೂನಿಜನ ಪ್ರಕಾರ ಬಿಜಾಪುರದ ತೋಪುಗಳು ಒಮ್ಮೆಗೇ ಹಾರಿ ರಾಯನ ಮುಂಚೂಣಿಯನ್ನು ಚದುರಿಸಿದವು. ಆದರೆ ರಾಯ ಉಳಿದ ದಂಡನ್ನು ಮುನ್ನುಗ್ಗಿಸಿದಾಗ ಕಾಳಗ ತಿರುಗಿಬಿತ್ತು. ಹಿಂದೆ ಸರಿಯಲು ನೆಲವಿರಲಿಲ್ಲ, ಹೊಳೆಯಿತ್ತು. ಅನೇಕರು ನೀರುಪಾಲಾದರು, ತೋಪುಗಳು ರಾಯನ ವಶವಾದವು, ಸುಲ್ತಾನ ಆನೆಯೇರಿ ಪಾರಾದ.

ಮೂರನೆಯ ಪ್ರಶ್ನೆಯಲ್ಲಿ ಇಸ್ಮಾಯಿಲ್ ಸಂಪೂರ್ಣ ತಪ್ಪಿದ್ದಾನೆ. ನಾಲ್ಕನೆಯದರಲ್ಲಿ ಅವನ ತೂಕ ಬೇರೆ. ರಾಯಚೂರನ್ನು ಮರಳಿ ಪಡೆಯುವ ತನಕ ಮದ್ಯ ಮುಟ್ಟುವುದಿಲ್ಲವೆಂದು ಅವನು ಶಪಥ ಮಾಡಿದನೆಂದೂ, ಕೃಷ್ಣದೇವರಾಯ ತೀರಿಕೊಂಡ ಬಳಿಕ ಆ ಕೋಟೆಯನ್ನು ಹಿಂದಕ್ಕೆ ಪಡೆದನೆಂದೂ ಫಿರಿಸ್ತಾ ಬರೆದಿದ್ದಾನೆ. ಇತಿಹಾಸಕಾರ ರಿಚರ್ಡ್ ಈಟನ್ ಗುರುತಿಸಿರುವ ಸಂಗತಿ ಇನ್ನೂ ಮುಖ್ಯವಾದದ್ದು: ಸೋತ ಬಿಜಾಪುರ ತೋಪು ಮತ್ತು ಕೋಟೆಯ ವಿದ್ಯೆಯನ್ನು ಬೆಳೆಸಿಕೊಂಡಿತು; ಗೆದ್ದ ವಿಜಯನಗರಕ್ಕೆ ಹಾಗೆ ಬದಲಾಗುವ ಅಗತ್ಯ ಕಾಣಲಿಲ್ಲ. 45 ವರ್ಷಗಳ ನಂತರ ಅದಕ್ಕೆ ಬೆಲೆ ತೆರಬೇಕಾಯಿತು.

ತಾಳಿಕೋಟೆ, 1565: ಒಬ್ಬನ ಮೇಲೆ ನಿಂತ ದಂಡು

1565ರ ಜನವರಿಯ ಕದನಕ್ಕೆ ತಾಳಿಕೋಟೆ, ರಕ್ಕಸಗಿ–ತಂಗಡಗಿ, ಬನ್ನಿಹಟ್ಟಿ ಎಂದು ಹಲವು ಹೆಸರುಗಳಿವೆ. ತಾಳಿಕೋಟೆ ಸುಲ್ತಾನರ ದಂಡುಗಳು ಬೀಡುಬಿಟ್ಟ ಊರು. ಕಾಳಗ ನಡೆದದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಕಡೆಗೆ.

ವಿಜಯನಗರದ ದಂಡನ್ನು ನಡೆಸಿದ ಅಳಿಯ ರಾಮರಾಯ ಅನುಭವವಿಲ್ಲದವನಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಸದಾಶಿವರಾಯನ ಹೆಸರಿನಲ್ಲಿ ರಾಜ್ಯ ನಡೆಸಿದ್ದ, ಸುಲ್ತಾನರಲ್ಲಿ ಒಬ್ಬರ ಮೇಲೆ ಇನ್ನೊಬ್ಬರನ್ನು ಬಿಟ್ಟು ಎಲ್ಲರನ್ನೂ ಅಂಕೆಯಲ್ಲಿಟ್ಟಿದ್ದ. ಅವರು ಒಂದಾಗಲಾರರು ಎಂಬ ನಂಬಿಕೆಯೇ ಅವನಿಗೆ ಮುಳುವಾಯಿತು. ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಾಹನಿಗೆ ಕೊಟ್ಟು, ಸೊಲ್ಲಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟಾಗ ಹಳೆಯ ಜಗಳ ಮುಗಿಯಿತು. ಗೋಲ್ಕೊಂಡ, ಬೀದರಗಳೂ ಕೂಡಿಕೊಂಡವು.

ರಾಮರಾಯ ಹೊಳೆ ದಾಟುವ ಜಾಗವನ್ನು ಭದ್ರವಾಗಿ ಕಾಯಿಸಿದ್ದ. ಅದು ಸರಿಯಾದ ಎಣಿಕೆ. ಸುಲ್ತಾನರು ಬೇರೆ ಕಡೆ ದಾಟುವವರಂತೆ ದಂಡೆಗುಂಟ ಸಾಗಿದರು. ಕಾವಲಿನವರು ಈಚೆ ದಂಡೆಯಲ್ಲಿ ಅವರಿಗೆ ಸಮನಾಗಿ ನಡೆದರು. ಆಗ ಸುಲ್ತಾನರು ತಟ್ಟನೆ ಹಿಂದಿರುಗಿ, ಕಾವಲಿಲ್ಲದ ಮೊದಲಿನ ಜಾಗದಲ್ಲೇ ದಾಟಿದರು. ಕಾಳಗದಲ್ಲಿ ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿ ಎರಡು ಪಕ್ಕಗಳಲ್ಲಿ ನಿಂತರು, ವೃದ್ಧ ರಾಮರಾಯ ನಡುವೆ ಪಲ್ಲಕ್ಕಿಯಲ್ಲಿ ಕೂತ. ವಿಜಯನಗರದವರು ಮೊದಲು ಮೇಲುಗೈ ಸಾಧಿಸಿದ್ದರು ಎಂಬುದನ್ನು ಎದುರುಪಕ್ಷದ ಬರಹಗಳೂ ಒಪ್ಪುತ್ತವೆ. ನಡುಭಾಗಕ್ಕೆ ನುಗ್ಗಿದವರನ್ನು ಸುಲ್ತಾನರ ಕಡೆಯ ಚಲಬಿ ರೂಮಿಖಾನನ ತೋಪುಗಳು ತಡೆದವು. ಹತ್ತಿರ ಬಂದವರ ಮೇಲೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದನೆಂದು ಫಿರಿಸ್ತಾ ಹೇಳುತ್ತಾನೆ. ಗಲಿಬಿಲಿಯಲ್ಲಿ ರಾಮರಾಯ ಸೆರೆಸಿಕ್ಕ. ಅವನ ತಲೆ ಈಟಿಯ ಮೇಲೆ ಕಂಡಕೂಡಲೆ ದಂಡು ಒಡೆಯಿತು.

ತನ್ನದೇ ಪಡೆಯ ಇಬ್ಬರು ನಾಯಕರ ದ್ರೋಹದಿಂದ ಅವನು ಸೋತನೆಂದು ಇಟಲಿಯ ಪ್ರವಾಸಿ ಸೀಜರ್ ಫ್ರೆಡರಿಕ್ ಬರೆದಿದ್ದಾನೆ; ಆ ಮಾತಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದ್ರೋಹ ನಡೆದಿತ್ತೆಂದೇ ಇಟ್ಟುಕೊಂಡರೂ ಒಂದು ಹೊಣೆ ಉಳಿಯುತ್ತದೆ. ರಾಮರಾಯ ಬಿದ್ದರೆ ದಂಡನ್ನು ಯಾರು ನಡೆಸಬೇಕು, ಯಾವ ಕೋಟೆಗೆ ಸರಿಯಬೇಕು, ರಾಜಧಾನಿಯನ್ನು ಯಾರು ಕಾಯಬೇಕು ಎಂಬುದಕ್ಕೆ ಏರ್ಪಾಡು ಕಾಣುವುದಿಲ್ಲ. ತಿರುಮಲ ಬೊಕ್ಕಸದೊಡನೆ, ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಗೆ ಹೋದ. ಏಳು ಸುತ್ತಿನ ಕೋಟೆಯ ಊರು ಕಾಯುವವರಿಲ್ಲದೆ ತಿಂಗಳುಗಟ್ಟಲೆ ಸೂರೆಯಾಯಿತು. ರಾಜ್ಯ ಮುಂದೆಯೂ ಬಾಳಿತು. ಹಂಪೆಯ ಪಟ್ಟಣ ಮತ್ತೆ ಏಳಲಿಲ್ಲ.

ಪ್ರತಾಪಗಡ, 1659: ಬಯಲ ಕುದುರೆ, ಕಾಡಿನ ಹಾದಿ

ವಿಜಯಪುರದಿಂದ ತಿಕೋಟಾ ಕಡೆಗೆ, ಪಶ್ಚಿಮಕ್ಕೆ, ಹೊರಟರೆ ತೊರವಿ, ನವರಸಪುರಗಳ ಸುತ್ತಿನಲ್ಲಿ ಸಾಠಕಬರ ಎಂಬ ಗೋರಿಗಳ ಗುಂಪು ಸಿಗುತ್ತದೆ. ಜಾತಕದವನ ಮಾತು ಕೇಳಿ ಬಿಜಾಪುರದ ದಂಡನಾಯಕ ಅಫಜಲಖಾನ ಶಿವಾಜಿಯ ಮೇಲೆ ಹೋಗುವ ಮುನ್ನ ತನ್ನ ಹೆಂಡಂದಿರನ್ನು ಕೊಂದು ಹೂಳಿಸಿದ ಎಂಬ ಕಥೆ ಆ ಗೋರಿಗಳಿಗೆ ಅಂಟಿಕೊಂಡಿದೆ. ಗೋರಿಗಳು ಕಣ್ಣಿಗೆ ಕಾಣುತ್ತವೆ. ಕಥೆ ಜನರ ಬಾಯಿಂದ ಬಂದದ್ದು. ಸೋತವನ ಸುತ್ತ ದಂತಕಥೆ ಬೆಳೆಯುವ ಬಗೆಗೆ ಇದು ಒಳ್ಳೆಯ ನಿದರ್ಶನ. ಅಲ್ಲೇ ಸಮೀಪದಲ್ಲಿ ಅವನು ತನಗಾಗಿ ಕಟ್ಟಿಸಿಕೊಂಡ ಗೋರಿಗುಮ್ಮಟದಲ್ಲಿ ಅವನ ದೇಹವಿಲ್ಲ. ಅವನ ಸಮಾಧಿ ಪ್ರತಾಪಗಡದ ಬುಡದಲ್ಲಿದೆ.

ಕರ್ನಾಟಕದ ದಂಡಯಾತ್ರೆಗಳಲ್ಲಿ ಹೆಸರು ಮಾಡಿದ್ದ ಖಾನ ಅಯೋಗ್ಯನಲ್ಲ. ಅವನ ಬಲ ಬಯಲುನಾಡಿನ ಕುದುರೆ ದಂಡು. ಬಬಲೇಶ್ವರ, ತಿಕೋಟಾಗಳ ಎರೆಹೊಲಗಳಂಥ ಬಯಲಿನಲ್ಲಿ ಕುದುರೆಗೆ ತಡೆಯಿಲ್ಲ. ಜಾವಳಿಯ ಕಾಡಿನ ಇಕ್ಕಟ್ಟು ದಾರಿಯಲ್ಲಿ ಅದೇ ಕುದುರೆ ಹೊರೆ. ಶಿವಾಜಿ ಖಾನನ ಬೀಡಿದ್ದ ವಾಯಿಗೆ ಇಳಿದು ಬರಲಿಲ್ಲ, ಖಾನನನ್ನೇ ಪ್ರತಾಪಗಡಕ್ಕೆ ಬರಮಾಡಿಕೊಂಡ. 1659ರ ನವೆಂಬರ್ 10ರ ಭೇಟಿಯಲ್ಲಿ ಮೊದಲು ಯಾರು ಕೈಯೆತ್ತಿದರು ಎಂಬುದರಲ್ಲಿ ಎರಡು ಕಡೆಯ ಬರಹಗಳು ಬೇರೆಯಾಗುತ್ತವೆ. ದಂಡನಾಯಕತ್ವದ ತೀರ್ಪಿಗೆ ಆ ಜಗಳ ಬೇಕಿಲ್ಲ. ಖಾನ ಬಿದ್ದ ಮೇಲೆ ಕಣಿವೆಯಲ್ಲಿ ನೆಚ್ಚಿಕೆಯಿಂದ ಬೀಡುಬಿಟ್ಟಿದ್ದ ಅವನ ದಂಡು ಎಚ್ಚರಿಕೆಯಿಲ್ಲದೆ, ಆಜ್ಞೆ ಕೊಡುವವರಿಲ್ಲದೆ ಮುರಿದುಬಿತ್ತು. ಕ್ರಿಸ್ತಶಕ 9ರಲ್ಲಿ ರೋಮಿನ ವಾರುಸ್ ನಂಬಿಕಸ್ಥನ ಮಾತಿಗೆ ಜರ್ಮನಿಯ ಕಾಡಿನೊಳಗೆ ಹೊಕ್ಕು ಮೂರು ಲೀಜನ್ ಪಡೆಗಳನ್ನು ಕಳೆದುಕೊಂಡದ್ದೂ ಇದೇ ಬಗೆಯ ತಪ್ಪಿನಿಂದ.

ಮಿರ್ಜಾ ರಾಜಾ ಜಯಸಿಂಹ, 1665–66: ಸೋತೂ ಉಳಿಸಿದವನು

1665ರ ಜೂನಿನಲ್ಲಿ ಪುರಂದರದ ಒಪ್ಪಂದದಿಂದ ಶಿವಾಜಿಯ 23 ಕೋಟೆಗಳನ್ನು ಪಡೆದ ಮೊಗಲ ದಂಡನಾಯಕ ಜಯಸಿಂಹ, ಅದೇ ವರ್ಷದ ನವೆಂಬರಿನಲ್ಲಿ ಬಿಜಾಪುರದ ಮೇಲೆ ಹೊರಟ. ಬೇಗ ಸಾಗುವ ಆಸೆಗೆ ಭಾರಿ ತೋಪುಗಳನ್ನು ಪರಾಂಡಾದಲ್ಲೇ ಬಿಟ್ಟ. ಡಿಸೆಂಬರ್ ಕೊನೆಗೆ ಊರಿಗೆ 12 ಮೈಲಿ ಹತ್ತಿರ ಬಂದಾಗ ಎರಡನೆಯ ಅಲಿ ಆದಿಲಶಾಹ ಸಿದ್ಧನಾಗಿದ್ದ. ನವರಸಪುರ, ಶಹಾಪುರಗಳ ಕೆರೆಗಳನ್ನು ಬರಿದು ಮಾಡಿಸಿದ್ದ, ಸುತ್ತಲ ಬಾವಿಗಳಿಗೆ ಮಣ್ಣು ತುಂಬಿಸಿದ್ದ, ಗಿಡಮರ ಕಡಿಸಿದ್ದ, ಕರ್ನಾಟಕದ ಕಾಲಾಳುಗಳನ್ನು ಕೋಟೆಯೊಳಗೆ ಕರೆಸಿದ್ದ. ಅವನ ಸರದಾರ ಶರ್ಜಾಖಾನನ ಪಡೆ ಮೊಗಲ ಸೀಮೆಯನ್ನೇ ಸೂರೆಮಾಡಲು ಹೊರಟಿತ್ತು.

ನೀರಿಲ್ಲ, ಗೋಡೆಯೊಡೆಯುವ ತೋಪಿಲ್ಲ. ಜಯಸಿಂಹನ ಎಣಿಕೆ ತಪ್ಪಿತ್ತು, ಮೊದಲೆರಡು ಪ್ರಶ್ನೆಗಳಲ್ಲಿ ಅವನು ಸೋತಿದ್ದ. ಆದರೆ ಮಾನಕ್ಕೆ ಅಂಜಿ ಒಣನೆಲದಲ್ಲಿ ದಂಡನ್ನು ಸಾಯಿಸಲಿಲ್ಲ. 1666ರ ಜನವರಿ ಮೊದಲ ವಾರದಲ್ಲೇ ಹಿಂದೆ ಸರಿದ. ದಾರಿಯುದ್ದಕ್ಕೂ ಕಾದುತ್ತಲೇ ದಂಡನ್ನು ಹೊರತಂದ. ದಂಡಯಾತ್ರೆ ಪೂರ್ತಿ ವಿಫಲವಾಯಿತು, ಔರಂಗಜೇಬನ ಅವಕೃಪೆ ಬಂತು, 1667ರಲ್ಲಿ ಬುರ್ಹಾನಪುರದಲ್ಲಿ ಅವನು ತೀರಿಕೊಂಡ. ಅರಸನ ಲೆಕ್ಕದಲ್ಲಿ ಅವನು ಸೋತವನು. ಮನೆಗೆ ಮರಳಿದ ಸಿಪಾಯಿಯ ಲೆಕ್ಕದಲ್ಲಿ ಅಲ್ಲ.

ಉಮರಾಣಿ ಮತ್ತು ನೇಸರಿ, 1673–74

ತಿಕೋಟಾ ಸೀಮೆಗೆ ತಾಗಿದ, ಕನ್ನಡವನ್ನೂ ಮಾತಾಡುವ ಜತ್ತ ತಾಲ್ಲೂಕಿನಲ್ಲಿ ಉಮರಾಣಿ ಇದೆ. 1673ರ ಬೇಸಿಗೆಯಲ್ಲಿ ಮರಾಠರ ಸೇನಾಪತಿ ಪ್ರತಾಪರಾವ್ ಗುಜರ ಅಲ್ಲಿ ಬಿಜಾಪುರದ ಬಹಲೋಲಖಾನನಿಗೆ ನೀರಿನ ದಾರಿ ಕಟ್ಟಿದ. ಬೀಡಿಗೂ ನೀರಿಗೂ ನಡುವಿನ ದಾರಿಯನ್ನು ಕಾಯದ ಖಾನ ಬಾಯಾರಿದ ದಂಡಿನೊಡನೆ ಶರಣು ಬೇಡಿದ. ಪ್ರತಾಪರಾವ್ ಅವನನ್ನು ಹೋಗಲು ಬಿಟ್ಟ. ಖಾನ ಮತ್ತೆ ದಂಡೆತ್ತಿ ಬಂದಾಗ ಶಿವಾಜಿ ತನ್ನ ಸೇನಾಪತಿಗೆ ಕಟುವಾಗಿ ಬರೆದ. ಆ ನೋವಿನಲ್ಲಿ ಪ್ರತಾಪರಾವ್ 1674ರಲ್ಲಿ ನೇಸರಿಯ ಬಳಿ ಬೆರಳೆಣಿಕೆಯ ಸವಾರರೊಡನೆ ಶತ್ರುದಂಡಿಗೆ ನುಗ್ಗಿ ಮಡಿದ. ಅವನ ಕೆಚ್ಚನ್ನು ಜನ ಇಂದಿಗೂ ಹಾಡುತ್ತಾರೆ. ಸಿಪಾಯಿಯಾಗಿ ಅದು ದೊಡ್ಡ ಗುಣ. ಸೇನಾಪತಿಯಾಗಿ, ನಡೆಸಬೇಕಾದ ಪಡೆಯನ್ನು ಹಿಂದೆ ಬಿಟ್ಟು ಹೋದದ್ದು ತಪ್ಪು. ಶೌರ್ಯವೂ ದಂಡನಾಯಕತ್ವವೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ತೀರ್ಪು

ನಾಲ್ಕು ಪ್ರಶ್ನೆಗಳಿಂದ ತೂಗಿದರೆ ಈ ನಾಯಕರು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಜಯಸಿಂಹನ ತಪ್ಪು ಎಣಿಕೆಯದು, ಅದನ್ನು ಅವನೇ ಕಂಡು ತಿದ್ದಿಕೊಂಡ. ಇಸ್ಮಾಯಿಲನದು ಆತುರ, ಅದರಿಂದ ರಾಜ್ಯ ಕಲಿತುಕೊಂಡಿತು. ಬಹಲೋಲಖಾನನದು ಅಜಾಗ್ರತೆ, ಎದುರಾಳಿಯ ಉದಾರತೆ ಅವನನ್ನು ಉಳಿಸಿತು. ಪ್ರತಾಪರಾವನ ಕಟ್ಟಕಡೆಯ ತಪ್ಪಿಗೆ ಅವನೊಡನೆ ಮಡಿದವರು ಕೆಲವರೇ. ಅಫಜಲಖಾನ, ರಾಮರಾಯರ ತಪ್ಪು ಬೇರೆ ಜಾತಿಯದು: ತಾನಿಲ್ಲದೆ ದಂಡು ನಿಲ್ಲಲಾರದಂತೆ ಅದನ್ನು ಕಟ್ಟಿದ್ದು. ಇಬ್ಬರಲ್ಲಿ ಖಾನ ಕಳೆದದ್ದು ಒಂದು ದಂಡನ್ನು. ರಾಮರಾಯನ ತಪ್ಪಿಗೆ ಒಂದು ರಾಜಧಾನಿಯ ಸಾಮಾನ್ಯ ಜನ ಬೆಲೆ ತೆತ್ತರು. ರಾಜಕಾರಣದಲ್ಲಿ ಅವನು ಎಷ್ಟೇ ನಿಪುಣನಾಗಿದ್ದರೂ, ಈ ಸೀಮೆ ಕಂಡ ಸೋಲುಗಳಲ್ಲಿ ನಾಯಕನ ಹೊಣೆ ಎಲ್ಲಕ್ಕಿಂತ ಹೆಚ್ಚು ಭಾರವಾಗಿ ಬೀಳುವುದು 1565ರ ಸೋಲಿನಲ್ಲೇ.