ಸೈಕಲ್ಲು ಕೊಳ್ಳುವವರೊಡನೆ ನಾಲ್ಕು ಮಾತು

(ಘಾಟ್ಕೋಪರಿನಲ್ಲಿ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನ ಬಾಗಿಲು ಮುಚ್ಚಿ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಕೊನೆಯ ಲೋಕಲ್ ಹೋಗಿರುತ್ತದೆ. ದಿನವೂ ರಿಕ್ಷಾಕ್ಕೆ ಕೊಟ್ಟರೆ ಊರಿಗೆ ಕಳುಹಿಸಲು ಉಳಿಯುವುದೇನು? ಆದುದರಿಂದ ಸೈಕಲ್ಲು ನಮ್ಮವರಿಗೆ ಶೋಕಿಯ ವಸ್ತುವಲ್ಲ.

ನಾವು ಮೊದಲು ಕೊಂಡದ್ದು ಹಳೆಯ ಸೈಕಲ್ಲು. ಬೆಲೆ ಅಗ್ಗ, ಬಣ್ಣ ಹೊಳಪು. ಫ್ರೇಮು ಮಾತ್ರ 24 ಇಂಚಿನದು. ಊರಿನಲ್ಲಿ ಒಳಪೆಡ್ಲು ಹೊಡೆದು ಕಲಿತವರಿಗೆ ಯಾವ ಸೈಕಲ್ಲಾದರೇನು ಎಂಬ ಜಂಬ ಬೇರೆ! ಒಂದು ಸಂಜೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ, ಅಂದರೆ ಹಿಂದಿನ ಆಗ್ರಾ ರೋಡಿನಲ್ಲಿ, ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ನಾವೂ ನಿಂತೆವು, ಕಾಲು ನೆಲಕ್ಕೆ ಎಟುಕಲಿಲ್ಲ. ಬಲಕ್ಕೆ ಉರುಳಿದೆವು. ಹಿಂದಿನ ಲಾರಿಯವನು ಬ್ರೇಕು ಹಾಕಿದ್ದರಿಂದ ಇಂದು ತಮ್ಮ ಮುಂದೆ ನಿಂತಿದ್ದೇವೆ. ಆಮೇಲೆ ಮೂರು ತಿಂಗಳು ಆ ಸೈಕಲ್ಲು ಗೋಡೆಗೆ ಒರಗಿಯೇ ಇತ್ತು.

ಕೊಳ್ಳುವಾಗ ಅಡ್ಡ ಬಾರಿನ ಎರಡೂ ಕಡೆ ಕಾಲಿಟ್ಟು ನಿಂತು ನೋಡಿ. ಪಾದಗಳೆರಡೂ ನೆಲದಲ್ಲಿ ಊರಿ, ಬಾರಿನ ಮೇಲೆ ಎರಡು ಬೆರಳಷ್ಟಾದರೂ ಎಡೆ ಉಳಿಯಬೇಕು. ಕಂಪೆನಿಯ ಹೆಸರಿಗೆ ಮರುಳಾಗಬೇಡಿ. ನಮ್ಮ ವರಳಿಯ ಹಿಂದ್ ಸೈಕಲ್ಸ್ ಕಂಪೆನಿಯೇ 1980ರಲ್ಲಿ ರಾಷ್ಟ್ರೀಕರಣವಾಗಿ, ಕೊನೆಗೆ ಇಲ್ಲವಾಯಿತು. ಗಲ್ಲಿಯ ಅಂಗಡಿಯಲ್ಲಿ ಬಿಡಿಭಾಗ ಸಿಗುವ ಸೈಕಲ್ಲೇ ಬಡವನಿಗೆ ಒಳ್ಳೆಯದು. ಹಳೆಯದಾದರೆ ಚಕ್ರ ಎತ್ತಿ ತಿರುಗಿಸಿ, ರಿಮ್ಮು ಓಲಾಡುತ್ತದೆಯೋ ನೋಡಿ. ಫ್ರೇಮಿನ ನಂಬರು ಬರೆದ ರಸೀದಿಯನ್ನು ಬಿಡಬೇಡಿ. ಕದ್ದ ಮಾಲು ಕೊಂಡು ಪೊಲೀಸ್ ಠಾಣೆಗೆ ಅಲೆಯುವುದು ಯಾರಿಗೆ ಬೇಕು?

ನಮ್ಮ ಅಂಜಿಕೆ ಬಿಡಿಸಿದವರು, ಹಿಂದೆ ಮಿಲ್ಲಿನ ಪಾಳಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದ ಹಿರಿಯರೊಬ್ಬರು. ಭಾನುವಾರ ಬೆಳಕು ಹರಿಯುವ ಮೊದಲೇ ಒಳರಸ್ತೆಗೆ ಕರೆದೊಯ್ದು, "ಓಡಿಸುವುದು ಬೇಡ ಮಾರಾಯ, ಮೊದಲು ನಿಲ್ಲಿಸಲು ಕಲಿ" ಎಂದರು. ನಿಲ್ಲಿಸುವುದು, ಇಳಿಯುವುದು, ಮತ್ತೆ ಹತ್ತುವುದು. ಒಂದು ಬೆಳಿಗ್ಗೆ ಅಷ್ಟೇ. ಎರಡನೆಯ ವಾರ, ಹ್ಯಾಂಡಲ್ ಅಲುಗಿಸದೆ ಬಲಭುಜದ ಮೇಲಿಂದ ಹಿಂದೆ ನೋಡುವುದು, ಕೈ ಚಾಚಿ ಸೂಚನೆ ಕೊಡುವುದು. ಮೂರನೆಯ ವಾರ ಅವರು ಮುಂದೆ, ನಾವು ಹಿಂದೆ, ವಿಕ್ರೋಳಿಯವರೆಗೆ. ರಸ್ತೆಯ ಅಂಚಿಗೇ ಅಂಟಿಕೊಂಡರೆ ಗಟಾರದ ಜಾಲರಿ, ನಿಂತ ಕಾರಿನ ಬಾಗಿಲು ಎರಡೂ ಕಾದಿರುತ್ತವೆ ಎಂದು ದಾರಿಯುದ್ದಕ್ಕೂ ಗದರಿದರು. ನಿಂತ ಬಸ್ಸಿನ ಎಡಗಡೆ ನುಗ್ಗಬಾರದು, ಜನ ಇಳಿಯುವುದು ಅಲ್ಲಿಯೇ. ಮಳೆಗಾಲದಲ್ಲಿ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಹಿಡಿಯುವುದು ತಡ; ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ರಾತ್ರಿ ಮುಂದೆ ದೀಪ, ಹಿಂದೆ ಕೆಂಪು ದೀಪ.

ಆ ಹಿರಿಯರು ಈಗ ಊರು ಸೇರಿದ್ದಾರೆ. ಕಲಿಯಬೇಕೆಂಬ ಹುಡುಗರು ಭಾನುವಾರ ಬೆಳಿಗ್ಗೆ ಐದೂವರೆಗೆ ಸಂಘದ ಬಾಗಿಲಿಗೆ ಬನ್ನಿ. ಸ್ವಂತ ಸೈಕಲ್ಲಿಲ್ಲದವರು ನಮ್ಮದನ್ನೇ ಹತ್ತಬಹುದು. ಅದು ಈಗ 22 ಇಂಚಿನದು.