ದುರಂತಕ್ಕೆ ಮುನ್ನ ಸಿದ್ಧವಾಗುವ ಕಾನೂನು



ಅಮೆರಿಕದ ಫೆಡರಲ್ ಔಷಧ ಕಾನೂನುಗಳ ಚರಿತ್ರೆಯನ್ನು ಸಾವುಗಳ ಪಟ್ಟಿಯಾಗಿ ಹೇಳುವುದು ರೂಢಿ. 1901ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಧನುರ್ವಾಯುವಿನ ವಿಷ ಸೇರಿದ್ದ ಡಿಫ್ತೀರಿಯಾ ಮದ್ದಿನಿಂದ 13 ಮಕ್ಕಳು ತೀರಿಕೊಂಡರು. ಮರುವರ್ಷ ಲಸಿಕೆ ಮತ್ತು ಸೀರಮ್‌ಗಳ ನಿಯಂತ್ರಣಕ್ಕೆ ಕಾಯ್ದೆ ಬಂತು. 1937ರಲ್ಲಿ ಸಲ್ಫಾ ಔಷಧದ ದುರಂತ, 1938ರಲ್ಲಿ ಕಾಯ್ದೆ. ಆಮೇಲೆ ಗರ್ಭದಲ್ಲಿನ ಶಿಶುಗಳನ್ನು ಅಂಗವಿಕಲಗೊಳಿಸಿದ ಥಾಲಿಡೊಮೈಡ್ ಔಷಧ, 1962ರ ತಿದ್ದುಪಡಿ. ಈ ಪಟ್ಟಿಯಲ್ಲಿ ಸುಳ್ಳಿಲ್ಲ. ಆದರೆ ಜನ ಸತ್ತರೆ ಕಾನೂನು ತಾನಾಗಿ ಹುಟ್ಟುತ್ತದೆ ಎಂದು ಅದರಿಂದ ತೀರ್ಮಾನಿಸಿದರೆ ದಾರಿ ತಪ್ಪುತ್ತೇವೆ. ದುರಂತ ಕಾನೂನಿಗೆ ಮುಹೂರ್ತವನ್ನಷ್ಟೇ ಇಟ್ಟುಕೊಡುತ್ತದೆ. ಆ ಕಾನೂನಿನಲ್ಲಿ ಏನಿರಬೇಕು ಎಂಬುದು ಅದಕ್ಕೆ ಮೊದಲೇ ಕರಡು ಬರೆದವರ, ಸಾಕ್ಷ್ಯ ಕೂಡಿಹಾಕಿದವರ ಕೈಯಲ್ಲಿ ತೀರ್ಮಾನವಾಗಿರುತ್ತದೆ. ಇದು ನಿಮ್ಮ ಮುಂದೆ ನಾನಿಡುವ ವಾದ.

ಅಮೆರಿಕದ 1906ರ ಔಷಧ ಕಾಯ್ದೆ ಲೇಬಲ್‌ನ ಸತ್ಯವನ್ನು ಮಾತ್ರ ಕೇಳಿತು. ಮದ್ದಿನಲ್ಲಿ ಮಾರ್ಫಿನ್, ಮದ್ಯಸಾರ ಇದ್ದರೆ ಬಾಟಲಿಯ ಮೇಲೆ ಹಾಗೆಂದು ಬರೆಯಬೇಕಿತ್ತು. ಬರೆದ ಮೇಲೆ ಮಾರಾಟಕ್ಕೆ ಅಡ್ಡಿಯಿರಲಿಲ್ಲ. ಗುಣಪಡಿಸುತ್ತೇವೆಂಬ ಸುಳ್ಳು ಭರವಸೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1912ರ ತಿದ್ದುಪಡಿ ಅದನ್ನು ಸೇರಿಸಿತಾದರೂ ಮೋಸದ ಉದ್ದೇಶವಿತ್ತೆಂದು ಸಾಬೀತು ಮಾಡುವ ಹೊರೆ ಸರ್ಕಾರದ ಮೇಲೆಯೇ ಬಿತ್ತು. 1933ರಲ್ಲಿ ಹೊಸ ಮಸೂದೆ ಬಂದು ವರ್ಷಗಟ್ಟಲೆ ಕುಂಟಿತು. ಅಷ್ಟರಲ್ಲಿ ಟೆನೆಸ್ಸಿಯ ಕಂಪನಿಯೊಂದು ಸಲ್ಫಾ ಔಷಧವಾದ ಸಲ್ಫನಿಲಮೈಡನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ರುಚಿ ಬೆರೆಸಿ 'ಎಲಿಕ್ಸಿರ್' ಎಂಬ ಹೆಸರಿನಲ್ಲಿ ಮಾರಿತು. ರುಚಿ, ಬಣ್ಣ, ವಾಸನೆ ನೋಡಿದರು. ವಿಷವೇ ಎಂದು ನೋಡಲಿಲ್ಲ, ನೋಡಬೇಕೆಂದು ಕಾನೂನೂ ಹೇಳಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಬಾಟಲಿಗಳನ್ನು ಜಪ್ತಿ ಮಾಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸಿಕ್ಕ ಕಾನೂನಿನ ಎಳೆ ಒಂದೇ: 'ಎಲಿಕ್ಸಿರ್' ಎಂದರೆ ಮದ್ಯಸಾರ ಇರಬೇಕು, ಇದರಲ್ಲಿ ಇಲ್ಲ, ಆದ್ದರಿಂದ ಹೆಸರು ತಪ್ಪು. ಅದೇ ದ್ರವವನ್ನು 'ದ್ರಾವಣ' ಎಂದು ಕರೆದಿದ್ದರೆ ಆ ಎಳೆಯೂ ಸಿಗುತ್ತಿರಲಿಲ್ಲ. ಆದರೂ ಇಲಾಖೆಯ ಸಿಬ್ಬಂದಿ ಊರೂರು ಅಲೆದು 240 ಗ್ಯಾಲನ್‌ಗಳಲ್ಲಿ 234ಕ್ಕೂ ಹೆಚ್ಚನ್ನು ವಾಪಸು ಪಡೆದರು. ಮಾರಾಟಕ್ಕೆ ಮೊದಲು ಸುರಕ್ಷತೆ ತೋರಿಸಬೇಕೆಂಬ ಕಲಮನ್ನು ಐದು ವರ್ಷ ಕಾದಿದ್ದ ಮಸೂದೆಗೆ ಜೋಡಿಸಿದ್ದರಿಂದಲೇ 1938ರ ಜೂನ್‌ನಲ್ಲಿ ಆ ಕಲಮು ಕಾಯ್ದೆಯಾಯಿತು.

ಆ ಕಲಮಿನ ಬೆಲೆ 1960ರಲ್ಲಿ ತಿಳಿಯಿತು. ಎಫ್‌ಡಿಎಯ ಡಾ. ಫ್ರಾನ್ಸಿಸ್ ಕೆಲ್ಸಿ ಥಾಲಿಡೊಮೈಡ್ ಅರ್ಜಿಗೆ ಒಪ್ಪಿಗೆ ಕೊಡದೆ ಮತ್ತೆ ಮತ್ತೆ ಮಾಹಿತಿ ಕೇಳಿದ್ದು ಅದರ ಬಲದಿಂದಲೇ. ಇನ್ನು 1962ರ ತಿದ್ದುಪಡಿಯ ಮೂಲ ಸೆನೆಟರ್ ಕೆಫಾವರ್ 1959ರ ಕೊನೆಯಲ್ಲಿ ಆರಂಭಿಸಿದ ವಿಚಾರಣೆಗಳಲ್ಲಿದೆ. ಅಲ್ಲಿ ಮುಖ್ಯ ಪ್ರಶ್ನೆಯಾಗಿದ್ದದ್ದು ಔಷಧದ ಬೆಲೆ. ಥಾಲಿಡೊಮೈಡ್ ಸುದ್ದಿಯಾದ ಮೇಲೆ, ಔಷಧ ನಿಜಕ್ಕೂ ಕೆಲಸ ಮಾಡುತ್ತದೆಂದು ಕಂಪನಿಯೇ ರುಜುವಾತು ಪಡಿಸಬೇಕೆಂಬ ನಿಯಮ ಪಾಸಾಯಿತು. ಬೆಲೆಯ ಮಾತು ಬದಿಗೆ ಸರಿಯಿತು. ಜನರ ಗಾಬರಿ ಕರಡಿನ ಎಲ್ಲ ಭಾಗವನ್ನೂ ದಡ ಸೇರಿಸುವುದಿಲ್ಲ ಎನ್ನುವುದಕ್ಕೂ ಇದು ಸಾಕ್ಷಿ.

ಸಾವಿನ ಒತ್ತಡವಿಲ್ಲದೆ ಶಾಸಕರು ಕಣ್ಣು ತೆರೆಯುವುದಿಲ್ಲ ಎಂಬ ಆಕ್ಷೇಪ ಬರಬಹುದು. ಫಾರ್ಮಸಿ ವೃತ್ತಿಯ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಯಾವ ಔಷಧಕ್ಕೆ ವೈದ್ಯರ ಚೀಟಿ ಬೇಕು ಎಂಬ ಗೊಂದಲವನ್ನು 1951ರಲ್ಲಿ ತಿಳಿಗೊಳಿಸಿದ ಶಾಸಕರಾದ ಡರ್ಹಮ್ ಮತ್ತು ಹಂಫ್ರಿ ಇಬ್ಬರೂ ಸ್ವತಃ ಫಾರ್ಮಸಿಸ್ಟರು. ಅಮೆರಿಕದಲ್ಲಿ ಈ ವೃತ್ತಿಯ ಲೈಸೆನ್ಸ್ ರಾಜ್ಯಗಳ ಅಧಿಕಾರ. ಆದ್ದರಿಂದ ಕೇಂದ್ರ 1990ರಲ್ಲಿ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನ ಹಣವನ್ನು ಹಿಡಿಕೆಯಾಗಿ ಬಳಸಿ, ಆ ರೋಗಿಗಳಿಗೆ ಔಷಧದ ಬಗ್ಗೆ ತಿಳಿಹೇಳಲು ಫಾರ್ಮಸಿಸ್ಟ್ ಮುಂದಾಗಲೇಬೇಕು ಎಂದಿತು. ಎರಡಕ್ಕೂ ಹೆಣಗಳ ಲೆಕ್ಕ ಬೇಕಾಗಲಿಲ್ಲ. ಕಟ್ಟುನಿಟ್ಟು ಹೆಚ್ಚಾದರೆ ಹೊಸ ಔಷಧ ತಡವಾಗಿ ರೋಗಿ ಸಾಯುತ್ತಾನೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. 1988ರಲ್ಲಿ ಏಡ್ಸ್ ರೋಗಿಗಳು ಎಫ್‌ಡಿಎ ಬಾಗಿಲಿಗೆ ಬಂದು ಕೂಗಿದ್ದು ಇದನ್ನೇ, ಅದು ನ್ಯಾಯವಾದ ಕೂಗು. ಆದರೆ 1992ರ ತ್ವರಿತ ಅನುಮೋದನೆಯ ನಿಯಮ ಪುರಾವೆಯನ್ನು ಕೈಬಿಡಲಿಲ್ಲ. ಗಂಭೀರ ಕಾಯಿಲೆಗಳಲ್ಲಿ ಔಷಧದಿಂದ ಫಲ ಸಿಗಬಹುದೆಂದು ಮುನ್ಸೂಚಿಸುವ ಅಂಶಗಳ ಆಧಾರದ ಮೇಲೆ ಒಪ್ಪಿಗೆ ಕೊಟ್ಟು, ಉಳಿದ ಪುರಾವೆಯನ್ನು ನಂತರ ಒದಗಿಸಲು ಹೇಳಿತು.

ನಮಗೆ ಇದರಲ್ಲಿ ನೇರ ಪಾಠವಿದೆ. ಭಾರತದಲ್ಲಿ ಔಷಧಗಳ ಬಗ್ಗೆ ಚೋಪ್ರಾ ಸಮಿತಿಯ ವಿಚಾರಣೆ 1930–31ರಲ್ಲಿ ನಡೆಯಿತು, ಅದರ ನೆಲೆಯ ಮೇಲೆ 1940ರ ಔಷಧ ಕಾಯ್ದೆ ನಿಂತಿತು. ಆದರೂ 1986ರಲ್ಲಿ ಮುಂಬೈಯ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್‌ನಿಂದ 14 ಜನ ಸತ್ತರು. ಕಾನೂನು ಪುಸ್ತಕದಲ್ಲಿತ್ತು, ಮದ್ದು ರೋಗಿಯ ಬಾಯಿಗೆ ಹೋಗುವ ಮೊದಲು ಅದನ್ನು ಹಿಡಿಯಬೇಕಾದ ಪರೀಕ್ಷೆ ಕೈಕೊಟ್ಟಿತ್ತು. ಹಾಗಾಗಿ ಸಿದ್ಧತೆ ಎಂದರೆ ಕರಡಿನ ಜೊತೆಗೆ ಪ್ರಯೋಗಾಲಯ, ಇನ್‌ಸ್ಪೆಕ್ಟರ್, ಕೌಂಟರಿನಲ್ಲಿ ನಿಜವಾಗಿ ಕೂತಿರುವ ಫಾರ್ಮಸಿಸ್ಟ್. ಈ ಸಂಕಿರಣದ ಪ್ರತಿ ಗೋಷ್ಠಿಯೂ ವಿಷಾದ ಸೂಚಿಸುವ ಠರಾವಿಗೆ ನಿಲ್ಲದೆ ಒಂದೊಂದು ಕಲಮಿನ ಕರಡನ್ನು, ಅದನ್ನು ಜಾರಿಮಾಡಲು ಬೇಕಾದ ಜನ ಮತ್ತು ಹಣದ ಅಂದಾಜನ್ನು ಬರೆದುಕೊಡಲಿ. ಸರ್ಕಾರ ಕೇಳುವ ದಿನ ಯಾವಾಗ ಬರುತ್ತದೋ ಹೇಳಲಾಗದು. ಆ ದಿನ ಕೊಡಲು ನಮ್ಮ ಬಳಿ ಕಾಗದವಿರಬೇಕು. ಅದೇ ಈ ಸಂಕಿರಣದಿಂದ ನನ್ನ ಆಶಯ.