ಕೆರೆಯಂಚಿನ ಊರಿನಲ್ಲಿ ಪರಿಸರಸ್ನೇಹಿ ಮನೆ



ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯು 2024ರ ಜನವರಿಯಲ್ಲಿ ಕರಾವಳಿಯ ಅಘನಾಶಿನಿ ಅಳಿವೆಯೊಡನೆ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಕಾಣಲು ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ಪ್ರವಾಸಿಗರ ಬೆನ್ನಿಗೇ ನಿವೇಶನ, ಹೋಂಸ್ಟೇಗಳ ಬೇಡಿಕೆ ಬರುವುದನ್ನು ಕರಾವಳಿಯು ಈಗಾಗಲೇ ಕಂಡಿದೆ.

ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ ಈ ಸೀಮೆಗೆ ಹೊಸತಲ್ಲ. ಬೇಸಿಗೆಯಲ್ಲಿ ಅವು ತಂಪು. ಆದರೆ ಅಂತಹ ಮನೆಯ ಬಚ್ಚಲು ನೀರು ಕೆರೆಗೆ ಹರಿದರೆ ಅದನ್ನು ಪರಿಸರಸ್ನೇಹಿ ಎನ್ನಲಾಗದು. ಮನೆಯನ್ನು ಯಾವುದರಿಂದ ಕಟ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ನಿಂತಿದೆ, ಅದರ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬುದೇ ಮೊದಲ ಪ್ರಶ್ನೆ.

ಜೌಗು ಪ್ರದೇಶಗಳ 2017ರ ನಿಯಮಗಳಂತೆ, ರಾಮ್ಸಾರ್ ತಾಣದ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಸಲ್ಲದು; ಸಂಸ್ಕರಿಸದ ಕೊಳಚೆಯನ್ನು ಬಿಡುವಂತಿಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಕಟ್ಟಡಕ್ಕೆ ಅನುಮತಿ ನೀಡುವುದು ಗ್ರಾಮ ಪಂಚಾಯತಿ. ಆದುದರಿಂದ ಅನುಮತಿಗೆ ಮುನ್ನ ಮೂರು ಅಂಶಗಳನ್ನು ಸ್ಥಳದಲ್ಲಿಯೇ ಪರಿಶೀಲಿಸತಕ್ಕದ್ದು: ಕೆರೆಗೆ ನೀರು ತರುವ ಹಳ್ಳ, ಕಾಲುವೆಗಳು ತೆರೆದಿರಬೇಕು, ಬಚ್ಚಲು ನೀರಿಗೆ ಇಂಗುಗುಂಡಿ, ಶೌಚಾಲಯಕ್ಕೆ ಅವಳಿ ಗುಂಡಿ ಇರಬೇಕು, ಛಾವಣಿಯ ಮಳೆನೀರು ತೊಟ್ಟಿ ಸೇರಬೇಕು. 100 ಚದರ ಮೀಟರ್ ಛಾವಣಿಯ ಮೇಲೆ 500 ಮಿ.ಮೀ. ಮಳೆ ಸುರಿದರೆ ಬೀಳುವ ನೀರು 50,000 ಲೀಟರ್.

ಕೆರೆ ಕೆಟ್ಟರೆ ಹಕ್ಕಿಗಳು ಬೇರೆ ನೀರನ್ನು ಅರಸಿಯಾವು, ಪ್ರವಾಸಿಗರು ಬೇರೆ ಊರನ್ನು ಅರಸಿಯಾರು. ಊರಿನವರಿಗೆ ಇರುವುದು ಈ ಕೆರೆಯೊಂದೇ.